ನಮ್ಮ ಮೆದುಳಪ್ಪ

ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಉಚ್ಚ ಪದವಿಯನ್ನು ಸಂಪಾದಿಸಿ, ಕಟ್ಟಕಡೆಗೆ ಬೆಂಗಳೂರಿನ ನರವಿಜ್ಞಾನ ಪ್ರಯೋಗಶಾಲೆಯೊಂದರ ಕೆಳಗಣ ಮೆಟ್ಟಿಲ ಮೇಲೆ ಪ್ರಾಜೆಕ್ಟ್ ಅಸಿಸ್ಟೆಂಟ್ ಎಂಬ ನಾಮಧೇಯದಿಂದ ಪ್ರತಿಷ್ಠಿತನಾದ ತರುಣನನ್ನು ನಮ್ಮ ಓಣಿಯವರು ಮೆದುಳಪ್ಪನೆಂದು ಕರೆಯತೊಡಗಿ ಮೂರು ದೀಪಾವಳಿಗಳು ಸಂದುವು. ತಂದೆತಾಯಿಗಳಿಟ್ಟ ಹೆಸರು ಬೇರೆಯಿದೆ; ಅದು ರೇಶನ್ ಕಾರ್ಡಿನಲ್ಲಿ ಸುರಕ್ಷಿತವಾಗಿದೆ. ಇಂಥವನು ಇವನೊಬ್ಬನೇ ಎಂದು ತಿಳಿಯಬಾರದು. ಹಿರೇಕೆರೂರಿನ ಕಡೆಗೊಬ್ಬ, ಸವಣೂರಿನ ಕಡೆಗೊಬ್ಬಳು, ಶಿಗ್ಗಾಂವಿಯ ಕಡೆಗಿಬ್ಬರು, ಹೀಗೆ ಈ ಕುಲವು ವೃದ್ಧಿಯಾಗುತ್ತಲಿದೆ. ಇವರು ಮಾಡುವ ಉದ್ಯೋಗವೇನೆಂಬುದು ಮಾತ್ರ ಹೆತ್ತವರಿಗೂ ಬೀಗರಾಗಬೇಕಾದವರಿಗೂ ಸಮಾನವಾಗಿ ಅಗೋಚರವಾಗಿದೆ.

ಹಬ್ಬಕ್ಕೆಂದು ಬಸ್ಸಿನಿಂದಿಳಿದು ಅವನು ಚೀಲವನ್ನು ಪಡಸಾಲೆಯಲ್ಲಿ ಇಡುವುದರೊಳಗೆ ಕಟ್ಟೆಯ ಮೇಲೆ ರೋಗಿಗಳು ನೆರೆದಿರುವರು. ಒಬ್ಬರಿಗೆ ಅರೆತಲೆಶೂಲೆ, ಮತ್ತೊಬ್ಬರಿಗೆ ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕುವ ಮರೆವು, ಇನ್ನೊಬ್ಬಾಕೆಗೆ ಅಭ್ಯಾಸದಲ್ಲಿ ಲಕ್ಷ್ಯವಿಡದ ಮಗ. "ನಾ ಡಾಕ್ಟರ್ ಅಲ್ರೀ ಕಾಕಾ, ಧಾರವಾಡದಾಗ ಡಿಮ್ಹಾನ್ಸಿಗೆ ತೋರಸ್ರಿ" ಎಂದು ಅವನು ಕೈಮುಗಿದರೆ, "ದೊಡ್ಡಾಂವ ಆದ ಮ್ಯಾಲ ಎಲ್ಲಾರೂ ಹಿಂಗ ಅಂತಾರ" ಎಂಬ ನಿಟ್ಟುಸಿರು ಹೊರಡುವುದು. ರಕ್ತದಾನಕ್ಕೆ ಹೆಸರಾದ ಊರು ನಮ್ಮದು. ಕರೆ ಬಂದರೆ ನಡುರಾತ್ರಿಯಲ್ಲೆದ್ದು ತೋಳು ಚಾಚುವ ಹುಡುಗರಿದ್ದಾರೆ. ಅವರಲ್ಲೊಬ್ಬನು, "ಅಣ್ಣಾ, ರಕ್ತ ಭಾಳ ಸಲ ಕೊಟ್ಟೇನಿ, ನಿಮ್ಮಲ್ಲೆ ಮೆದುಳ ತಗೋತಾರೇನು?" ಎಂದು ಶ್ರದ್ಧಾಪೂರ್ವಕವಾಗಿ ಕೇಳಿದನು. ನಿಮ್ಹಾನ್ಸಿನಲ್ಲಿ 1995ರಿಂದಲೂ ಮಿದುಳಿನ ಭಂಡಾರವೊಂದಿದೆ, ಅಲ್ಲಿ ಸ್ವೀಕರಿಸುತ್ತಾರೆ, ಆದರೆ ದಾನಿಯು ಅದಕ್ಕೆ ಮೊದಲು ದಿವಂಗತನಾಗಿರಬೇಕೆಂಬ ಸಣ್ಣದೊಂದು ನಿಬಂಧನೆಯುಂಟು ಎಂದು ತಿಳಿದ ಮೇಲೆ ಆ ಉತ್ಸಾಹವು ತುಸು ತಗ್ಗಿತು.

ನಿವೃತ್ತ ಶಾಲಾ ಮಾಸ್ತರನಾದ ನನ್ನ ಕಲ್ಪನೆಯೂ ಊರವರಿಗಿಂತ ಬಹಳ ಮೇಲಾದುದಾಗಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಶುಭ್ರವಾದ ನಿಲುವಂಗಿ, ಗಾಜಿನ ಜಾಡಿಯಲ್ಲಿ ತೇಲುವ ಮಿದುಳು, ಅದರೆದುರಿಗೆ ಗದ್ದಕ್ಕೆ ಕೈಹಚ್ಚಿ ಚಿಂತಾಮಗ್ನನಾದ ನಮ್ಮ ಹುಡುಗ. ಇಂಥದೊಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಸಂಬಂಧಿಕರ ಮದುವೆಗೆ ಬೆಂಗಳೂರಿಗೆ ಹೋದವನು ಅವನ ಪ್ರಯೋಗಶಾಲೆಗೂ ಹೋದೆನು. ಅವನನ್ನು ನಾನು ಕಂಡುದು ಅಡಿಗೆಮನೆಯಲ್ಲಿ. ಮದುವೆಯ ಮನೆಯಲ್ಲಿರುವಷ್ಟು ದೊಡ್ಡ ಪಾತ್ರೆಯೊಂದು ಒಲೆಯ ಮೇಲಿತ್ತು; ಅದರಲ್ಲಿ ಗೋವಿನಜೋಳದ ಹಿಟ್ಟು, ಸಕ್ಕರೆ, ಯೀಸ್ಟು, ಅಗರ್ ಇವುಗಳನ್ನು ಕುದಿಸಿ, ಗಂಟು ಕಟ್ಟದಂತೆ ಉದ್ದನೆಯ ಹುಟ್ಟಿನಿಂದ ತಿರುವುತ್ತ, ಕೊಂಚ ಆರಿದ ಮೇಲೆ ಬೂಸು ಹಿಡಿಯದಿರಲೆಂದು ಮೂಗು ಸೀಳುವ ಪ್ರೋಪಿಯೋನಿಕ್ ಆಮ್ಲವನ್ನು ಬೆರಸಿ, ನೂರಾರು ಪುಟ್ಟ ಸೀಸೆಗಳಿಗೆ ಹೊಯ್ಯುತ್ತಿದ್ದನು. "ಯಾರಿಗಪಾ ಈ ಗಂಜಿ?" ಎಂದೆನು. "ನೊಣಕ್ಕರೀ ಸರ್" ಎಂದನು. ಧಾರವಾಡದಲ್ಲಿ ಎರಡು ವರ್ಷ ವ್ಯಾಸಂಗ ಮಾಡಿ ಬಂದ ವಿದ್ವಾಂಸನು, ಅವನ ತಾಯಿ ಬಾಳೆಹಣ್ಣಿನ ಗೊನೆಯ ಮೇಲಿಂದ ಸೆರಗು ಬೀಸಿ ಓಡಿಸುವ ಆ ಸಣ್ಣ ನೊಣಕ್ಕೆ ಸಕ್ಕರೆ ಹಾಕಿ ಗಂಜಿ ಕಾಯಿಸುತ್ತಿರುವ ದೃಶ್ಯವನ್ನು ಜೀರ್ಣಿಸಿಕೊಳ್ಳಲು ನನಗೆ ಒಂದು ಬಟ್ಟಲು ಚಹ ಬೇಕಾಯಿತು.

ಚಹ ಕುಡಿಯುತ್ತ ಅವನು ನನಗೆ ತಿಳಿಯಹೇಳಿದನು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು; ಅಷ್ಟನ್ನು ಬಿಡಿಸಿ ನೋಡುವುದು ಯಾರಿಂದಲೂ ಸದ್ಯಕ್ಕಾಗದ ಮಾತು. ನೊಣದ ಮಿದುಳಾದರೊ ಗಸಗಸೆಯ ಕಾಳಿನಷ್ಟು. ಅದರ 1,39,255 ಕೋಶಗಳ ಸಂಪೂರ್ಣ ನಕಾಶೆಯನ್ನು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಈ ಅಂಕಿಯನ್ನು ಅವನು ಊರಿನ ಕ್ಷೌರದಂಗಡಿಯಲ್ಲಿಯೂ ಹೇಳುವನೆಂದೂ, ಕೊನೆಯ ಐವತ್ತೈದನ್ನು ಒಮ್ಮೆಯೂ ಬಿಡುವುದಿಲ್ಲವೆಂದೂ ಆಮೇಲೆ ತಿಳಿಯಿತು.

ನೊಣಕ್ಕೂ ಬೆಂಗಳೂರಿಗೂ ಸಂಬಂಧ ಹಳೆಯದು. ನಮ್ಮ ಕಡೆಯ ರೈತರಿಗೆ ಬೆಂಗಳೂರಿನ ಜಿಕೆವಿಕೆ ಆವರಣವೆಂದರೆ ಕೃಷಿಮೇಳ. ಅದೇ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ನಿಲ್ಲಿಸಿದ ಒಬೈದ್ ಸಿದ್ದಿಕಿಯವರು, ನೊಣವು ವಾಸನೆಯನ್ನೂ ರುಚಿಯನ್ನೂ ಹೇಗೆ ಅರಿಯುವುದೆಂಬುದರ ವಿಚಾರದಲ್ಲಿ ದಶಕಗಳನ್ನೇ ಕಳೆದರು. ಅದಕ್ಕೆ ಮುಂಚೆ ಅಮೆರಿಕದಲ್ಲಿ ವಿಜ್ಞಾನಿ ಸೀಮೋರ್ ಬೆಂಜರ್ ಅವರೊಡಗೂಡಿ, ಬಿಸಿಯೇರಿದೊಡನೆ ನಿಶ್ಚೇಷ್ಟಿತವಾಗಿ ಉರುಳಿ ತಂಪಾದೊಡನೆ ಎದ್ದು ನಡೆಯುವ ನೊಣದ ತಳಿಗಳನ್ನು ಪರಿಶೀಲಿಸಿ, 1976ರಲ್ಲಿ ಪ್ರಕಟಿಸಿದರು. ನರಗಳಲ್ಲಿ ವಿದ್ಯುತ್ಸಂಕೇತವು ಹರಿಯುವ ಬಗೆಯನ್ನು ತಿಳಿಯಲು ಅದು ದಾರಿಯಾಯಿತು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮೂರ ಕಟ್ಟೆಗಳ ಮೇಲೆ ಈ ತಳಿಯ ಮನುಷ್ಯರು ಯಥೇಚ್ಛವಾಗಿ ದೊರೆಯುತ್ತಿದ್ದರೂ ಯಾವ ವಿಜ್ಞಾನಿಯೂ ಇತ್ತ ಸುಳಿಯಲಿಲ್ಲವೆಂಬುದು ನನ್ನ ಖಾಸಗಿ ವ್ಯಥೆ. ಅದೇ ವರ್ಷ ಬೆಂಜರರ ಪ್ರಯೋಗಶಾಲೆಯಿಂದ ಇನ್ನೊಂದು ನೊಣವೂ ಬೆಳಕಿಗೆ ಬಂದಿತು: ಇಂಥ ವಾಸನೆಯ ಬಳಿಗೆ ಹೋದರೆ ವಿದ್ಯುತ್ತಿನ ಪೆಟ್ಟು ಬೀಳುವುದೆಂದು ಎಷ್ಟು ಕಲಿಸಿದರೂ ಕಲಿಯದ ನೊಣ. ಅದಕ್ಕೆ ಅವರು ಇಂಗ್ಲಿಷಿನಲ್ಲಿ ಇಟ್ಟ ಹೆಸರಿನ ಅರ್ಥ 'ದಡ್ಡ'. ಮೂವತ್ತೆರಡು ವರ್ಷ ನಾಲ್ಕನೆಯ ಇಯತ್ತೆಗೆ ಪಾಠ ಹೇಳಿದ ನನಗೆ ಆ ನೊಣದ ಮೇಲೆ ಕೂಡಲೆ ಮಮತೆಯುಂಟಾಯಿತು.

ಗಂಜಿಯ ಕೆಲಸ ಮುಗಿಯಿತೆಂದರೆ ವಿವಾಹಕಾರ್ಯ. ಯಾವ ತಳಿಯ ಗಂಡಿಗೆ ಯಾವ ತಳಿಯ ಹೆಣ್ಣೆಂಬುದನ್ನು ಮೇಲಿನವರು ಚೀಟಿಯಲ್ಲಿ ಬರೆದುಕೊಡುವರು. ಹೆಣ್ಣು ಮಾತ್ರ ಅವಶ್ಯವಾಗಿ ಕನ್ಯೆಯೇ ಆಗಿರತಕ್ಕದ್ದು. ನೊಣದ ಹೆಣ್ಣು ಕೋಶಾವಸ್ಥೆಯಿಂದ ಹೊರಬಿದ್ದು ಎಂಟು ತಾಸು ಕಳೆಯಿತೆಂದರೆ ಅದರ ಕನ್ಯಾತ್ವಕ್ಕೆ ಯಾರೂ ಹೊಣೆಯಾಗಲಾರರಾದ್ದರಿಂದ, ಬೆಳಗಾಗುತ್ತಲೇ ಬಂದು, ಅವುಗಳಿಗೆ ಇಂಗಾಲದ ಡೈಆಕ್ಸೈಡಿನ ಮಂಪರು ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಮೈ ಬಿಳಿಚಿಕೊಂಡು ಹೊಟ್ಟೆಯಲ್ಲಿ ಕಪ್ಪು ಚುಕ್ಕೆಯಿರುವ ಎಳೆಯ ಹೆಣ್ಣುಗಳನ್ನು ಕುಂಚದ ತುದಿಯಿಂದ ಒಂದೊಂದಾಗಿ ಬೇರ್ಪಡಿಸುವುದು ನಮ್ಮ ಮೆದುಳಪ್ಪನ ನಿತ್ಯವ್ರತ. ಭಾನುವಾರವೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ವಾರಕ್ಕೆ ನೂರಾರು ಮದುವೆಗಳನ್ನು ನೆರವೇರಿಸುವ ಈ ಪುರೋಹಿತನಿಗೆ ತನ್ನದೊಂದು ಕೂಡಿಬಂದಿಲ್ಲ. ಬ್ಯಾಡಗಿಯ ಕಡೆಯಿಂದ ಬಂದ ಬೀಗರು, "ನೌಕರಿ ಪರ್ಮನೆಂಟೇನು?" ಎಂದು ಕೇಳಿದರಂತೆ. "ಪ್ರಾಜೆಕ್ಟ್ ಇರೂತನಕರೀ" ಎಂದು ಇವನು ಸತ್ಯವನ್ನೇ ಹೇಳಿದನಂತೆ. ಅವರು ಉಪ್ಪಿಟ್ಟು ತಿಂದು ಹೋದರು.

ಸಂಬಳವೂ ಆ ಪ್ರಾಜೆಕ್ಟಿನ ಅನುದಾನದಿಂದಲೇ ಬರತಕ್ಕದ್ದು. ಬರತಕ್ಕದ್ದು ಎಂಬ ಪದವನ್ನು ನಾನು ವ್ಯಾಕರಣವನ್ನು ಅರಿತೇ ಬಳಸಿದ್ದೇನೆ. ಇಷ್ಟಾದರೂ ಹುಡುಗನ ಮುಖದಲ್ಲಿ ಒಂದು ವಿಧದ ತೇಜಸ್ಸಿತ್ತು. ಏಕೆಂದು ಕೇಳಲಾಗಿ, ಸಂಶೋಧನ ಪ್ರಬಂಧವೊಂದರ ಕೊನೆಯಲ್ಲಿ, ಹಣ ಕೊಟ್ಟವರನ್ನೂ ನೊಣದ ತಳಿ ಕಳುಹಿಸಿದವರನ್ನೂ ಸ್ಮರಿಸಿದ ತರುವಾಯ, ತನ್ನ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಿ ಅಚ್ಚು ಮಾಡಿರುವುದನ್ನು ಫೋನಿನಲ್ಲಿ ತೆರೆದು ತೋರಿಸಿದನು. ಅಕ್ಷರದಲ್ಲೊಂದು ತಪ್ಪಿತ್ತು. ನಾನು ಮಾಸ್ತರನಾದರೂ ತಿದ್ದಲಿಲ್ಲ.

ಈ ದೀಪಾವಳಿಗೆ ಅವನು ಬಂದನು. ಹೋರಿ ಬೆದರಿಸುವ ಹಬ್ಬವನ್ನು ನೋಡಲು ಊರಿಗೂರೇ ಹೋಗಿದ್ದಾಗ, ಇವನು ಪಡಸಾಲೆಯಲ್ಲಿ ಕುಳಿತು, ಬಾಳೆಹಣ್ಣಿನ ಮೇಲೆ ಕೂತ ನೊಣಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂದು ಎಣಿಸುತ್ತಿದ್ದನು. ಅಲ್ಲಿ ತಾನಿಲ್ಲದಾಗ ಸೀಸೆಗಳನ್ನು ಯಾರು ಬದಲಿಸುವರೆಂಬ ಚಿಂತೆ ಬೇರೆ. ಅವನ ತಂದೆ ನಾಲ್ಕು ಎಕರೆಯಲ್ಲಿ ಗೋವಿನಜೋಳ ಬೆಳೆಯುವವರು. 2018ರಲ್ಲಿ ಶಿವಮೊಗ್ಗೆಯ ಹೊಲಗಳಲ್ಲಿ, ಈ ದೇಶದಲ್ಲಿಯೇ ಮೊದಲ ಬಾರಿಗೆ ಗುರುತಿಸಲ್ಪಟ್ಟ ಅಮೆರಿಕದ ಲದ್ದಿಹುಳುವು ನಮ್ಮ ಸೀಮೆಗೂ ಬಂದು ಪೈರಿನ ಸುಳಿಯೊಳಗೆ ಸಂಸಾರ ಹೂಡಿದಂದಿನಿಂದ ಅವರಿಗೆ ನಿದ್ರೆಯಿಲ್ಲ. ಮಗನ ವೃತ್ತಿಯನ್ನು ಅವನ ಬಾಯಿಂದಲೇ ಮೊದಲ ಸಲ ಪೂರ್ತಿಯಾಗಿ ಕೇಳಿ, ಬಹಳ ಹೊತ್ತು ಎಲೆಯಡಿಕೆ ಅಗಿದು, ಹೀಗೆಂದರು: "ಅಂದ್ರ, ನಾ ಇಲ್ಲೆ ಹುಳಾ ಕೊಂದು ಗೋವಿನಜೋಳ ಬೆಳಿತೀನಿ. ನೀ ಅಲ್ಲೆ ಗೋವಿನಜೋಳ ಹಾಕಿ ಹುಳಾ ಬೆಳಸ್ತಿ."

"ಹೌದಪಾ."

ಮುದುಕರು ಮತ್ತೆ ಮಾತಾಡಲಿಲ್ಲ. ಆದರೆ ಅವನು ಹೊರಡುವ ದಿನ, ಹೊಸ ಗೋವಿನಜೋಳವನ್ನು ಗಿರಣಿಗೆ ಒಯ್ದು ನುಣ್ಣಗೆ ಬೀಸಿಸಿ, ಹತ್ತು ಕಿಲೋದ ಚೀಲವನ್ನು ತಂದು ಅವನ ಮುಂದಿರಿಸಿ, "ಪ್ಯಾಟಿ ಹಿಟ್ಟಿನ್ಯಾಗ ಕಲಬೆರಕಿ ಇರತೈತಿ. ನಿನ್ನ ನೊಣಕ್ಕ ಇದನ್ನ ಹಾಕು" ಎಂದರು. ಮೆದುಳಪ್ಪನು ಚೀಲದ ಬಾಯಿ ಬಿಚ್ಚಿದನು, ಹಿಟ್ಟನ್ನು ಬೆರಳಲ್ಲಿ ತೀಡಿದನು, ಮೂಸಿದನು. ಆಮೇಲೆ ತಡವರಿಸುತ್ತ ಕೇಳಿದನು:

"ಅಪ್ಪಾ, ಈ ಬೆಳಿಗೆ ಎಣ್ಣಿ ಹೊಡದಿದ್ದೇನು?"

"ಎರಡ ಸಲ. ಹೊಡೀದಿದ್ರ ಈ ಚೀಲ ಎಲ್ಲಿಂದ ಬರ್ತಿತ್ತು?"

"ಹಂಗಾರ ಬ್ಯಾಡಪಾ. ಅದರಾಗ ಒಂಚೂರು ಎಣ್ಣಿ ಉಳದಿದ್ರೂ ನೊಣ ಎಲ್ಲಾ ಸತ್ತಹೋಗ್ತಾವು."

ಒಳಗೆ ಬುತ್ತಿ ಕಟ್ಟುತ್ತಿದ್ದ ತಾಯಿ ಹೊಸ್ತಿಲಿಗೆ ಬಂದು ನಿಂತು, "ನೊಣಕ್ಕ ಆಗೂದಿಲ್ಲಂದ್ರ, ನಾವು ಹೆಂಗ ತಿನ್ನಾಕತ್ತೇವಿ?" ಎಂದಳು.

ಬಸ್ಸಿಗೆ ಹೊತ್ತಾಗಿದ್ದಿತು. ಚೀಲವು ಗೋಡೆಗೊರಗಿಯೇ ಉಳಿಯಿತು. ಮರುದಿನ ಆ ಹಿಟ್ಟಿನ ರೊಟ್ಟಿಗಳೆರಡು ನಮ್ಮ ಮನೆಗೂ ಬಂದುವು. ಬದನೆಕಾಯಿ ಪಲ್ಯದೊಡನೆ ಚೆನ್ನಾಗಿದ್ದುವು.