ಒದ್ದೆಯಲ್ಲ, ತಣ್ಣಗಿದೆ ಅಷ್ಟೆ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಮನುಷ್ಯರಿಗಿಂತ ಬಟ್ಟೆಗಳಿಗೇ ಹೆಚ್ಚು ಜಾಗ ಬೇಕು. ಜಗಲಿಯಲ್ಲಿ ಪಂಚೆ, ನಡುಮನೆಯಲ್ಲಿ ಸೀರೆ, ಕುರ್ಚಿಯ ಬೆನ್ನಿಗೆ ಬನಿಯನ್ನು, ಕಿಟಕಿಯ ಸರಳಿಗೆ ಕಾಲುಚೀಲ. ಟಿವಿಯಲ್ಲಿ ವಾರ್ತೆ ನೋಡುವವರು ಲಂಗ ಸರಿಸಿ ನೋಡಬೇಕು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆಯಂತೆ ಎಂದು ಪೇಟೆಯವರು ಬೆರಗಾಗಿ ನೋಡಲು ಬರುತ್ತಾರೆ. ಅಷ್ಟೂ ಮಳೆಯಲ್ಲಿ ಚಡ್ಡಿ ಎಲ್ಲಿ ಒಣಗಿಸುತ್ತೀರಿ ಎಂದು ಒಬ್ಬರಾದರೂ ಕೇಳಿದ್ದಿಲ್ಲ.

ಹಿಂದಿನವರ ಬಟ್ಟೆ ತೆಳು. ಪಂಚೆ, ಪಾಣಿಪಂಚೆ ಹೇಗೋ ಆರುತ್ತಿದ್ದವು. ಮನೆಗೆ ಜೀನ್ಸ್ ಪ್ಯಾಂಟು ಹೊಕ್ಕಿತು ನೋಡಿ, ಅಲ್ಲಿಂದ ಶುರು. ಕೈಯಲ್ಲಿ ಎಷ್ಟು ಹಿಂಡಿದರೂ ಅದು ಅರ್ಧ ಲೀಟರ್ ನೀರನ್ನು ಬಿಟ್ಟುಕೊಡುವುದಿಲ್ಲ. ಹತ್ತು ಹನ್ನೆರಡು ಅಡಿಯ ಕೋಣೆಯ ಬಾಗಿಲು ಹಾಕಿ ಅದನ್ನು ಹರವಿದಿರೆನ್ನಿ. ತೇವಾಂಶ ಆಗಲೇ ಶೇ. 90 ಇದ್ದರೆ ಆ ಕೋಣೆಯ ಗಾಳಿ ಇನ್ನು ಹೀರಿಕೊಳ್ಳುವುದು ಅರ್ಧ ಲೋಟಕ್ಕೂ ಕಡಿಮೆ ನೀರು. ಆಮೇಲೆ ಗಾಳಿಗೂ ಹೊಟ್ಟೆ ತುಂಬಿತು. ಕಿಟಕಿ ತೆಗೆಯೋಣವೆಂದರೆ ಹೊರಗಿನ ಗಾಳಿ ಇನ್ನಷ್ಟು ಒದ್ದೆ. ಪ್ಯಾಂಟು ನೇತಾಡುತ್ತಲೇ ಇರುತ್ತದೆ, ಸೊಂಟದ ಪಟ್ಟಿಯಿಂದ ಮುಗ್ಗಲು ವಾಸನೆ ಏಳುತ್ತದೆ, ಮತ್ತೆ ಒಗೆಯಬೇಕು.

ಆದ್ದರಿಂದ ನಮ್ಮಲ್ಲಿ ಬಟ್ಟೆ ನಿಜವಾಗಿ ಒಣಗುವುದು ಬಚ್ಚಲೊಲೆಯ ಮೇಲೆ. ಹಂಡೆಗೆ ಬೆಂಕಿ ಹಾಕಿದರೆ ಮೇಲಿನ ಬಿದಿರು ಗಳಕ್ಕೆ ಬಿಸಿ ತಾಗುತ್ತದೆ. ಆದರೆ ಗಳ ಇರುವುದು ಒಂದೇ, ಹಕ್ಕುದಾರರು ಹಲವರು. ಮನೆಯಲ್ಲಿ ಯಾರ ಬೆಲೆ ಎಷ್ಟು ಎಂಬುದು ಮಳೆಗಾಲದಲ್ಲಿ ಆ ಗಳ ನೋಡಿದರೆ ತಿಳಿಯುತ್ತದೆ. ಒಲೆಯ ನೆತ್ತಿಯ ಮೇಲೆ ಮಕ್ಕಳ ಯೂನಿಫಾರ್ಮು. ಅದರಾಚೆ ಅಜ್ಜಿಯ ಮಡಿಸೀರೆ. ಅದನ್ನು ಕೋಲಿನಿಂದಲೇ ಏರಿಸಬೇಕು, ಕೋಲಿನಿಂದಲೇ ಇಳಿಸಬೇಕು. ಆಮೇಲೆ ಸೊಸೈಟಿ ಮೀಟಿಂಗಿಗೆ ಹೋಗುವ ಅಪ್ಪನ ಅಂಗಿ. ನನ್ನ ಲುಂಗಿ ಬೆಂಕಿಯನ್ನು ದೂರದಿಂದ ದರ್ಶನ ಮಾಡುವ ಜಾಗದಲ್ಲಿ.

ಶಾಲೆಗೆ ಹೋಗುವಾಗ ನಮ್ಮೆಲ್ಲರ ಮೈಗೂ ಒಂದೇ ಹೊಗೆವಾಸನೆ. ಅಂಗಿಯಿಂದ ಸಾಬೂನಿನ ಪರಿಮಳ ಬಂದರೆ ಆ ಹುಡುಗ ವರ್ಗವಾಗಿ ಬಂದ ಮೇಷ್ಟರ ಮಗ ಎಂದು ಗೊತ್ತಾಗುತ್ತಿತ್ತು.

ಒಲೆಯ ಭಾಗ್ಯವಿಲ್ಲದ ಬಟ್ಟೆಗಳ ತೀರ್ಪು ಅಮ್ಮನದು. ಬನಿಯನ್ನನ್ನು ಕೆನ್ನೆಗೊತ್ತಿಕೊಂಡು ನೋಡುತ್ತಾಳೆ. "ಒದ್ದೆ ಎಲ್ಲಿದೆ? ತಣ್ಣಗಿದೆ ಅಷ್ಟೆ. ಹಾಕ್ಕೋ, ಮೈಮೇಲೆ ಒಣಗುತ್ತೆ." ಒದ್ದೆಯಲ್ಲದಿದ್ದರೆ ಮೈಮೇಲೆ ಒಣಗುವುದೇನು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ವಿಜ್ಞಾನವೂ ಅವಳ ಕಡೆಗೇ ವಾಲಿದೆ: ಮನುಷ್ಯನ ಚರ್ಮಕ್ಕೆ ಒದ್ದೆಯನ್ನು ಅರಿಯುವ ಬೇರೆ ನರವೇ ಇಲ್ಲವಂತೆ. ತಂಪನ್ನೂ ಸ್ಪರ್ಶವನ್ನೂ ಕೂಡಿಸಿ ಮಿದುಳು ಒದ್ದೆಯೆಂದು ಊಹಿಸಿಕೊಳ್ಳುತ್ತದೆ. ಇದು ಅವಳಿಗೆ ಇನ್ನೂ ತಿಳಿದಿಲ್ಲ. ನಾನಾಗಿ ಹೇಳುವುದೂ ಇಲ್ಲ.

ಈಗ ವಾಷಿಂಗ್ ಮೆಷಿನ್ನು ಬಂದಿದೆ. ಅದು ಗಿರಗಿರ ತಿರುಗಿಸಿ ಚೆನ್ನಾಗಿ ಹಿಂಡುತ್ತದೆ, ಒಪ್ಪುತ್ತೇನೆ. ಉಳಿದದ್ದಕ್ಕೆ ಫ್ಯಾನು. ಬಟ್ಟೆಗೆ ಅಂಟಿದ ತೇವದ ಗಾಳಿಯನ್ನು ಅದು ಸರಿಸುತ್ತಲೇ ಇರಬೇಕು, ಹಾಗಾಗಿ ಜುಲೈ ಚಳಿಯಲ್ಲಿ ನಮ್ಮ ನಡುಮನೆಯ ಫ್ಯಾನು ಹಗಲೂ ರಾತ್ರಿ ಐದರಲ್ಲಿ ಓಡುತ್ತದೆ. ಕೆಳಗೆ ನಾವು ಕಂಬಳಿ ಹೊದ್ದು ಮಲಗುತ್ತೇವೆ. ಕಳೆದ ಮಳೆಗಾಲ ಬೆಂಗಳೂರಿನಿಂದ ಬಂದ ಭಾವ ಹಲ್ಲು ಕಟಕಟಿಸುತ್ತ ಎದ್ದು ಸ್ವಿಚ್ಚಿಗೆ ಕೈ ಹಾಕಿದರು. ಕತ್ತಲಲ್ಲಿ ನಾಲ್ಕು ಮೂಲೆಯಿಂದ ಒಟ್ಟಿಗೇ "ಬೇಡ!" ಎಂಬ ಕೂಗೆದ್ದಿತು. ಅಮ್ಮ ಎದ್ದುಹೋಗಿ ಅವರಿಗೆ ಇನ್ನೊಂದು ಕಂಬಳಿ ತಂದುಕೊಟ್ಟಳು.

"ಇದು ಒದ್ದೆ ಇದ್ದಂಗಿದೆಯಲ್ಲ ಅತ್ತೆ?" ಎಂದರು ಭಾವ.