ಮಧ್ಯರಾತ್ರಿಯ ಉಪಾಧ್ಯಾಯರು

ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾದಾನವು ಬೆಳಿಗ್ಗೆ ಒಂಬತ್ತರಿಂದ ಸಾಯಂಕಾಲ ನಾಲ್ಕರವರೆಗೆ ನಡೆಯುತ್ತದೆಂದು ನಂಬಿ ಶುಲ್ಕ ಕಟ್ಟುವ ತಂದೆತಾಯಿಗಳ ಮುಗ್ಧತೆಗೆ ಭಂಗ ತರುವುದು ನನ್ನ ಉದ್ದೇಶವಲ್ಲವಾದರೂ, ಹಾಸ್ಟೆಲಿನ ಅನ್ನದ ಋಣವುಳ್ಳ ನನ್ನಂಥವನು ಸತ್ಯವನ್ನು ಎಷ್ಟು ಕಾಲ ತಾನೇ ಮುಚ್ಚಿಟ್ಟಾನು? ಅಲ್ಲಿ ವಿದ್ಯೆಗೆ ಮುಹೂರ್ತ ಕೂಡಿಬರುವುದು ರಾತ್ರಿ ಮೆಸ್ಸಿನ ಬಾಗಿಲು ಹಾಕಿದ ಮೇಲೆ; ಅದರ ಪೀಠವು ಕಬ್ಬಿಣದ ಮಂಚ; ಅದರ ಆಚಾರ್ಯನು ಲುಂಗಿಯುಟ್ಟು, ಬನಿಯನ್ ತೊಟ್ಟು, ನಾಳೆ ಬೆಳಿಗ್ಗೆ ತನಗೂ ಅದೇ ಪರೀಕ್ಷೆಯಿದೆಯೆಂಬುದನ್ನು ಸಂಪೂರ್ಣವಾಗಿ ಮರೆತು ಕುಳಿತಿರುವ ಸಹಪಾಠಿ.

ಪ್ರಾಧ್ಯಾಪಕರ ವಿಷಯದಲ್ಲಿ ನನಗೆ ಯಾವ ಅನಾದರವೂ ಇಲ್ಲ. ಅವರ ಏಕೈಕ ನ್ಯೂನತೆಯೆಂದರೆ ಅವರಿಗೆ ವಿಷಯವು ಬಹಳ ಚೆನ್ನಾಗಿ ತಿಳಿದಿರುವುದು. ಅದು ತಮಗೂ ಒಂದಾನೊಂದು ಕಾಲದಲ್ಲಿ ತಿಳಿದಿರಲಿಲ್ಲವೆಂಬ ಸಂಗತಿ ಅವರ ಸ್ಮೃತಿಪಟಲದಿಂದ ಅಳಿಸಿಹೋಗಿರುವುದರಿಂದ, ಮೂರನೆಯ ಸಾಲಿನಿಂದ ನಾಲ್ಕನೆಯ ಸಾಲಿಗೆ ಹೇಗೆ ಬಂದಿರೆಂದು ಕೇಳಿದರೆ, ಪ್ರಶ್ನೆಯನ್ನೇ ಅರಿಯದವರಂತೆ ನಾಲ್ಕನೆಯ ಸಾಲನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಓದುತ್ತಾರೆ. ಸಹಪಾಠಿಯಾದರೋ ಆ ಎರಡು ಸಾಲುಗಳ ನಡುವೆ ಮೊನ್ನೆ ತಾನೇ ಅರ್ಧ ರಾತ್ರಿಯನ್ನು ಕಳೆದು ಬಂದವನು. ನಾವು ಎಲ್ಲಿ ತಡವರಿಸುತ್ತೇವೆಂಬುದು ಅವನಿಗೆ ನಮಗಿಂತ ಮೊದಲೇ ಗೊತ್ತು.

ನಮ್ಮ ಹಾಸ್ಟೆಲಿನಲ್ಲಿ ಹುಡುಗರನ್ನು ಊರಿನ ಹೆಸರಿನಿಂದಲೇ ಕರೆಯುವ ಪದ್ಧತಿಯಿತ್ತು. ಗಣಿತದಲ್ಲಿ ಅಪ್ರತಿಮನಾದ ಚಳ್ಳಕೆರೆ ಒಬ್ಬನಾದರೆ, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯ ಬಾಗಿಲಿನಿಂದ ನೇರವಾಗಿ ಎರಡನೆಯ ವರ್ಷಕ್ಕೆ ಬಂದಿಳಿದಿದ್ದ ಇಂಡಿ ಇನ್ನೊಬ್ಬ. ಮೊದಲ ವರ್ಷದ ಗಣಿತದ ಮುಖವನ್ನೇ ಕಾಣದೆ ಬಂದ ಇಂಡಿಗೆ ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಎದುರಾದಾಗ ಅವನು ಊಟ ಬಿಟ್ಟನು; ಬಿಜಾಪುರದ ಕಡೆಯವನು ಮೆಸ್ಸಿನಲ್ಲಿ ಅಪರೂಪಕ್ಕೆ ಮಾಡಿದ ಜೋಳದ ರೊಟ್ಟಿಯನ್ನು ಬಿಟ್ಟನೆಂದರೆ ವ್ಯಾಧಿಯ ಗಾಂಭೀರ್ಯವನ್ನು ಓದುಗರು ಊಹಿಸಬಹುದು. ಚಳ್ಳಕೆರೆ ಅವನನ್ನು ಮಂಚದ ಮೇಲೆ ಕೂರಿಸಿಕೊಂಡು ಹೀಗೆ ಉಪದೇಶಿಸಿದನು:

"ನೋಡು ಮಗಾ, ಊರಲ್ಲಿ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಬಗೆಹರೀತಾ ಇಲ್ಲ. ಏನ್ ಮಾಡ್ತಾರೆ? ಧರ್ಮಸ್ಥಳಕ್ಕೆ ಹೋಗ್ತಾರೆ. ಊರಲ್ಲಿ ಹೊಡೆದಾಡ್ತಿದ್ದೋರು ಅಲ್ಲಿ ಹೆಗ್ಗಡೆಯವರ ಮುಂದೆ ಕೈಕಟ್ಟಿ ನಿಂತ್ಕೋತಾರೆ. ಈ ಡಿಫರೆನ್ಶಿಯಲ್ ಈಕ್ವೇಶನ್ನೂ ಅಷ್ಟೇ; ಟೀ ಅನ್ನೋ ಊರಲ್ಲಿ ಇದರ ಆಟ ಜಾಸ್ತಿ, ಎಸ್ ಅನ್ನೋ ಕ್ಷೇತ್ರಕ್ಕೆ ಕರ್ಕೊಂಡ್ ಹೋದ್ರೆ ಹೈಸ್ಕೂಲ್ ಬೀಜಗಣಿತ ಆಗಿ ಕೂತ್ಕೊಳ್ತದೆ. ಅಲ್ಲಿ ತೀರ್ಪು ತಗೊಂಡು, ಇನ್ವರ್ಸ್ ಅನ್ನೋ ಬಸ್ ಹತ್ತಿ ವಾಪಸ್ ಬಾ."

"ಹಂಗಾರ ಈ ಇನಿಶಿಯಲ್ ಕಂಡಿಶನ್ ಅಂದ್ರ ಏನಪಾ?"

"ಜಗಳ ಶುರುವಾದಾಗ ಯಾರ ಹತ್ರ ಎಷ್ಟಿತ್ತು ಅನ್ನೋ ಲೆಕ್ಕ. ಕೆಪ್ಯಾಸಿಟರಿನಲ್ಲಿ ಎಷ್ಟು ವೋಲ್ಟೇಜ್ ಕೂತಿತ್ತು, ಇಂಡಕ್ಟರಿನಲ್ಲಿ ಎಷ್ಟು ಕರೆಂಟ್ ಹರೀತಿತ್ತು, ಎಲ್ಲಾನೂ ಊರು ಬಿಡೋ ಮುಂಚೆನೇ ಬರ್ಕೊಂಡು ಹೋಗ್ಬೇಕು."

1827ರಲ್ಲಿ ಪ್ಯಾರಿಸಿನಲ್ಲಿ ಕಾಲವಾದ ಲಾಪ್ಲಾಸ್ ಮಹಾಶಯನು ನೇತ್ರಾವತಿಯಲ್ಲಿ ಮಿಂದ ದಾಖಲೆಯಿಲ್ಲವಾದರೂ, ಅಂದಿನಿಂದ ಇಂಡಿಗೆ ಆತನು ನಮ್ಮ ಕಡೆಯವನೇ ಆಗಿಬಿಟ್ಟನು, ರೊಟ್ಟಿಯೂ ಇಳಿಯತೊಡಗಿತು.

ಆದರೆ ಋಣವು ಬಹಳ ದಿನ ಒಂದೇ ಕಡೆ ಉಳಿಯಲಿಲ್ಲ. ಲ್ಯಾಬಿನಲ್ಲಿ ಚಳ್ಳಕೆರೆಯ ಸ್ಥಿತಿಯು ಶೋಚನೀಯವಾಗಿತ್ತು. ಆಂಪ್ಲಿಫೈಯರಿನ ಗೇನ್ ಎಷ್ಟು ಬರಬೇಕೆಂಬುದನ್ನು ದಶಾಂಶ ಸಹಿತ ಹೇಳಬಲ್ಲ ಆ ಮಹಾನುಭಾವನು ಸರ್ಕ್ಯೂಟನ್ನು ಜೋಡಿಸಿದಾಗ ಸಿ.ಆರ್.ಓ. ಪರದೆಯ ಮೇಲೆ ಮೂಡುತ್ತಿದ್ದುದು ಹಸಿರು ಬಣ್ಣದ, ನಿರ್ವಿಕಾರವಾದ, ಒಂದು ಸರಳರೇಖೆ. ಅವನು ಕಾಗದದ ಮೇಲೆ ಮತ್ತೆ ಲೆಕ್ಕ ಮಾಡಿ, ತಪ್ಪು ಪ್ರಕೃತಿಯದೆಂಬ ನಿರ್ಣಯಕ್ಕೆ ಬರುತ್ತಿದ್ದನು. ಆಗ ಪಕ್ಕದ ಮೇಜಿನಿಂದ ಇಂಡಿ ಎದ್ದು ಬಂದು, ಒಂದು ಮಾತನ್ನೂ ಆಡದೆ, ಬ್ರೆಡ್‌ಬೋರ್ಡಿನ ಅಂಚಿನ ಸಪ್ಲೈ ಸಾಲಿನ ನಡುವೆ ಗಿಡ್ಡ ವೈರೊಂದನ್ನು ಸಿಕ್ಕಿಸುತ್ತಿದ್ದನು. ಆ ಬೋರ್ಡುಗಳಲ್ಲಿ ನೋಡಲು ಅಖಂಡವಾಗಿ ಕಾಣುವ ಆ ಸಾಲು ಒಳಗೆ ನಡುವಿನಲ್ಲಿ ತುಂಡಾಗಿರುತ್ತದೆಂಬುದು ಯಾವ ಪಠ್ಯಪುಸ್ತಕದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಡಿಪ್ಲೊಮಾದವರಿಗೆ ಮಾತ್ರ ಅದು ಹುಟ್ಟಾ ಗೊತ್ತು. ವೈರು ಸಿಕ್ಕಿಸಿದ ಕ್ಷಣವೇ ಸರಳರೇಖೆಯು ಸೈನ್ ತರಂಗವಾಗಿ ಎದ್ದು ಕುಣಿಯುತ್ತಿತ್ತು. "ಗ್ರೌಂಡರ ಕೊಟ್ಟೀ ಏನೋ ಮಾರಾಯ?" ಎಂಬುದೊಂದೇ ಅವನ ಭಾಷ್ಯ.

ಅಮೆರಿಕದವರು ಇಂಥ ವ್ಯವಹಾರಕ್ಕೂ ಒಂದು ವ್ಯವಸ್ಥೆಯನ್ನು ಮಾಡಿದ್ದಾರೆ. ಕಾನ್ಸಾಸ್ ಸಿಟಿಯ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ 1973ರಲ್ಲಿ ಮೊದಲಾದ ಪದ್ಧತಿಯೊಂದರಲ್ಲಿ, ಒಂದು ವಿಷಯದಲ್ಲಿ ಚೆನ್ನಾಗಿ ಉತ್ತೀರ್ಣನಾದ ಹಿರಿಯ ವಿದ್ಯಾರ್ಥಿಯೇ ಮರುವರ್ಷ ಅದೇ ತರಗತಿಯಲ್ಲಿ ಮತ್ತೆ ಕುಳಿತು, ಅನಂತರ ಕಿರಿಯರನ್ನು ಕಲೆಹಾಕಿ ಚರ್ಚೆ ನಡೆಸುತ್ತಾನೆ. ಅಲ್ಲಿ ಕಷ್ಟವೆಂದು ಗುರುತಿಸುವುದು ವಿಷಯವನ್ನೇ ಹೊರತು ವಿದ್ಯಾರ್ಥಿಯನ್ನಲ್ಲವೆಂಬ ಅಂಶ ನನಗೆ ಬಹಳ ಹಿಡಿಸಿತು. ನಮ್ಮ ಹಾಸ್ಟೆಲಿನಲ್ಲಿಯೂ ಬೈಗುಳವೆಲ್ಲ ವಿಷಯಕ್ಕೇ ಸಲ್ಲುತ್ತಿತ್ತು. ವ್ಯತ್ಯಾಸವಿಷ್ಟೇ: ಅಲ್ಲಿ ಕಲಿಸುವವನಿಗೆ ಸಂಬಳವುಂಟು, ಇಲ್ಲಿ ಗೇಟಿನೆದುರಿನ ಗೂಡಂಗಡಿಯ ಬೈಟು ಟೀ ಉಂಟು.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನಪತ್ರಿಕೆ ಆದ ಮೇಲಂತೂ ಈ ಸಹಪಾಠಿಗಳ ಕಾರ್ಯಕ್ಷೇತ್ರವು ನಾಡಿನುದ್ದಕ್ಕೂ ಹಬ್ಬಿತು. ಹುಬ್ಬಳ್ಳಿಯ ಯಾವಳೋ ಪುಣ್ಯಾತ್ಗಿತ್ತಿ ದುಂಡಗೆ ಬರೆದ ನೋಟ್ಸು ಝೆರಾಕ್ಸಿನ ಝೆರಾಕ್ಸಾಗಿ ನಮ್ಮ ಮಂಚದವರೆಗೂ ಬಂದಿತ್ತು. ಆಕೆಯ ಹೆಸರನ್ನು ನಾವರಿಯೆವು. ಆದರೆ ಹತ್ತೊಂಬತ್ತನೆಯ ಪುಟದ ಅಂಚಿನಲ್ಲಿ ಆಕೆ ಬರೆದುಕೊಂಡಿದ್ದ ಧೋಬಿಯ ಲೆಕ್ಕವನ್ನು ಸಹ ನಮ್ಮಲ್ಲೊಬ್ಬನು ಭಕ್ತಿಯಿಂದ ಬಾಯಿಪಾಠ ಮಾಡಿದ್ದನು.

ಫಲಿತಾಂಶ ಬಂದಾಗ ಇಂಡಿಗೆ ಚಳ್ಳಕೆರೆಗಿಂತ ಹೆಚ್ಚು ಅಂಕಗಳು ಬಂದಿದ್ದವು. ಕಾರಣವು ಗಹನವೇನಲ್ಲ. ಮೂರು ಗಂಟೆಗಳಲ್ಲಿ ತಲಾ 20 ಅಂಕಗಳ ಐದು ಪ್ರಶ್ನೆಗಳನ್ನು ಮುಗಿಸಬೇಕಾದಲ್ಲಿ, ಪ್ರಶ್ನೆಯೊಂದಕ್ಕೆ ದೊರೆಯುವುದು 36 ನಿಮಿಷ. ಇಂಡಿ ಕಲಿತದ್ದನ್ನಷ್ಟೇ ಬರೆದು ಎದ್ದುಬಂದನು. ಚಳ್ಳಕೆರೆಯಾದರೋ ಮೊದಲ ಪ್ರಶ್ನೆಗೇ, ಯಾರೂ ಕೇಳದ ಪ್ರಮೇಯವೊಂದನ್ನು ಬುಡದಿಂದ ಸಾಧಿಸಿ, ಒಂದೂಕಾಲು ಗಂಟೆಯನ್ನು ಸಮರ್ಪಿಸಿದ್ದನು. ಅವನು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದೆಂದು ನಿಶ್ಚಯಿಸಿ, ಅದರ ಶುಲ್ಕವನ್ನು ಇಂಡಿಯಿಂದಲೇ ಸಾಲವಾಗಿ ಪಡೆದನು. ಅರ್ಜಿಯನ್ನು ತುಂಬುವ ಕ್ರಮವನ್ನು, ಆ ಶಾಸ್ತ್ರದಲ್ಲಿ ದೀರ್ಘಾನುಭವವುಳ್ಳ ಕೊನೆಯ ಕೋಣೆಯ ಸೀನಿಯರ್ ಒಬ್ಬನು ರಾತ್ರಿ ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಸೋದಾಹರಣವಾಗಿ ಬೋಧಿಸಿದನು.