ಬಾಲಾ ಹಿಸ್ಸಾರಿನ ಚಪ್ಪಾಳೆ

ಹೈದರಾಬಾದಿನ ಕಾಚಿಗೂಡದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ನೆಂಟರ ಬರಗಾಲ ಎಂಬುದಿಲ್ಲ. ಮೈಸೂರು, ಬೆಂಗಳೂರು ಕಡೆ ರಾತ್ರಿ ರೈಲು ಹತ್ತಿದವರು ಬೆಳಗಿನ ಜಾವಕ್ಕೆ ನಮ್ಮ ಸ್ಟೇಷನ್ನಿನಲ್ಲಿ ಕಣ್ಣುಜ್ಜಿಕೊಂಡು ಇಳಿಯುತ್ತಾರೆ. ನಿಜಾಮರ ಕಾಲದಲ್ಲಿ, 1916ರಲ್ಲಿ, ಕಟ್ಟಿದ ಆ ಸ್ಟೇಷನ್ನಿನ ಗುಮ್ಮಟಗಳನ್ನು ನೋಡಿ, "ಇದೇನು, ಅರಮನೆ ಬಾಗಿಲಿಗೇ ತಂದು ಇಳಿಸಿಬಿಟ್ಟರಲ್ಲ!" ಎನ್ನುತ್ತಾರೆ. ಅರಮನೆ ನೋಡಿದ್ದಾಯಿತಲ್ಲ, ಸುಮ್ಮನಿರಬಾರದೆ? ಕಾಫಿ ಲೋಟ ಕೆಳಗಿಡುವ ಮೊದಲೇ ಮುಂದಿನ ಮಾತು: "ಗೋಲ್ಕೊಂಡಕ್ಕೆ ಯಾವಾಗ ಹೋಗೋಣ?"

ಈ ಪ್ರಶ್ನೆಗೆ ನನಗಿಂತ ಮೊದಲು ನನ್ನ ಮೊಣಕಾಲು ಉತ್ತರ ಕೊಡುತ್ತದೆ. ಸುಮಾರು 120 ಮೀಟರ್ ಎತ್ತರದ ಗ್ರಾನೈಟ್ ಗುಡ್ಡ, 350ಕ್ಕೂ ಮಿಕ್ಕಿದ ಮೆಟ್ಟಿಲು. ಚಿಕ್ಕಂದಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದ ಗತವೈಭವವನ್ನು ನಾನು ಎಷ್ಟು ವರ್ಣಿಸಿದರೂ ಈಗಿನ ಮೊಣಕಾಲು ಅದನ್ನು ಪುರಾಣವೆಂದೇ ತಿಳಿಯುತ್ತದೆ. ಆದರೂ ನಾನು ಒಲ್ಲೆ ಎನ್ನುವುದಿಲ್ಲ. ಗುಡ್ಡದ ಬುಡದಲ್ಲಿ ಬಾಲಾ ಹಿಸ್ಸಾರ್ ದರವಾಜ ಎಂಬ ಭವ್ಯ ಕಮಾನೊಂದಿದೆ. ನಾನು ಗೋಲ್ಕೊಂಡಕ್ಕೆ ಹೋಗುವುದೆಂದರೆ ಅಲ್ಲಿಯವರೆಗೆ.

ಆ ಕಮಾನಿನ ಅಂದವನ್ನು ನಿಂತೇ ನೋಡಬೇಕು. ನೆತ್ತಿಯ ಮೇಲೆ ಗಾರೆಯಲ್ಲಿ ಮೂಡಿಸಿದ ನವಿಲು, ಸಿಂಹಗಳಿವೆ. ಕಟ್ಟಿಸಿದವರು ಕುತುಬ್ ಶಾಹಿ ಸುಲ್ತಾನರು. ನವಿಲು ಮಾತ್ರ ನಮ್ಮ ಯಾವುದೋ ದೇವಸ್ಥಾನದಿಂದ ಹಾರಿಬಂದು ಕೂತಂತೆ ಕಾಣುತ್ತದೆ. ಬಾಗಿಲಿನ ಎದುರಿಗೇ ದಪ್ಪ ಗೋಡೆಯೊಂದು ಅಡ್ಡ ನಿಂತಿದೆ, ಮದುವೆ ಮನೆಯಲ್ಲಿ ಹೊಸ ಜೋಡಿಯನ್ನು ಹೊಸ್ತಿಲಲ್ಲೇ ತಡೆಯುವ ನಾದಿನಿಯ ಹಾಗೆ. ಶತ್ರುವಿನ ಆನೆ ದೂರದಿಂದ ಓಡಿಬಂದು ಬಾಗಿಲಿಗೆ ಗುದ್ದಬಾರದಲ್ಲ, ಅದಕ್ಕೆ. ಆನೆಗೆ ಅಷ್ಟು ಮುಂಜಾಗ್ರತೆ ವಹಿಸಿದವರು ನನ್ನಂಥವರನ್ನು ತಡೆಯಲು ಏನೂ ಮಾಡಿಲ್ಲ. ಮೆಟ್ಟಿಲುಗಳೇ ಸಾಕೆಂದು ಅವರಿಗೆ ಗೊತ್ತಿದ್ದಿರಬೇಕು.

ಈ ಕೋಟೆ ನಮಗೆ ತೀರಾ ಪರಸ್ಥಳವೂ ಅಲ್ಲ. ಕಾಕತೀಯರ ಕೈಯಲ್ಲಿದ್ದ ಗುಡ್ಡ 14ನೇ ಶತಮಾನದಲ್ಲಿ ಕಲಬುರಗಿಯ ಬಹಮನಿಗಳಿಗೆ ಬಂತು. ಬಳಿಕ ಬೀದರಿನ ದರ್ಬಾರಿಗೆ ತಲೆಬಾಗಿತು. 1518ರಲ್ಲಿ ಸುಲ್ತಾನ್ ಕುಲಿ ಸ್ವತಂತ್ರನಾದ ಮೇಲಷ್ಟೇ ಇದು ನಮ್ಮ ಮಾತು ಕೇಳುವುದನ್ನು ಬಿಟ್ಟಿದ್ದು. ಹಾಗೆಂದು ಮೊನ್ನೆ ನೆಂಟರಾಗಿ ಬಂದಿದ್ದ ಭಾವನವರಿಗೆ ಹೇಳಿದರೆ, "ಹಾಗಾದರೆ ಟಿಕೆಟ್ಟಿನಲ್ಲಿ ಏನಾದರೂ ರಿಯಾಯಿತಿ ಇದೆಯೇ?" ಎಂದರು. ಇಲ್ಲ.

ಕಮಾನು ದಾಟಿದೊಡನೆ ಸಿಗುವ ಗುಮ್ಮಟದಡಿ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಬಾರಾದರಿ ಮಂಟಪದಲ್ಲಿ ಕೇಳುತ್ತದೆ. ಬಾಗಿಲಿಗೆ ಯಾರು ಬಂದರೆಂದು ಮೇಲಿನವರಿಗೆ ತಿಳಿಸಲು ಕಾವಲುಗಾರರು ಮಾಡಿಕೊಂಡಿದ್ದ ಏರ್ಪಾಡು ಎಂದು ಗೈಡುಗಳು ಹೇಳುತ್ತಾರೆ. ನನಗೆ ಒಂದೇ ಅನುಮಾನ: ಕಾವಲಿನವನು ಸೊಳ್ಳೆ ಹೊಡೆದರೆ ಮೇಲಿನ ಸೈನ್ಯ ಕತ್ತಿ ಹಿರಿಯುತ್ತಿತ್ತೆ?

ಮೊನ್ನೆ ಭಾವನವರ ಮಗ ಮೇಲೆ ಹೋಗಿ ಕೇಳಿಸಿಕೊಳ್ಳುವುದೆಂದೂ ನಾನು ಕೆಳಗೆ ತಟ್ಟುವುದೆಂದೂ ಗೊತ್ತಾಯಿತು. ನಮ್ಮ ಬಡಾವಣೆಯ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಭಾಷಣ ಕೇಳಿ ಕೇಳಿ ನನಗೆ ಚಪ್ಪಾಳೆಯ ಅಭ್ಯಾಸ ಚೆನ್ನಾಗಿದೆ ಎಂದು ನನ್ನ ಹೆಂಡತಿಯೇ ಶಿಫಾರಸು ಮಾಡಿದಳು. ಆದರೆ ಗುಮ್ಮಟದಡಿ ಶಾಲಾಪ್ರವಾಸದ ಮಕ್ಕಳು, ಹೊಸ ದಂಪತಿಗಳು, ಗೈಡುಗಳು ಎಲ್ಲರೂ ತಟ್ಟುತ್ತಿದ್ದರು. ಸರದಿ ಬರಲೆಂದು ನಾನು ಈಚೆ ಬಂದು ಕಡಲೆಕಾಯಿ ಕೊಂಡೆ. ಎರಡು ಕಾಯಿ ಸುಲಿದಿದ್ದೆನೋ ಇಲ್ಲವೋ, ಫೋನು: "ಮಾವ, ನೀವು ತಟ್ಟಿದ್ದು ಸಖತ್ತಾಗಿ ಕೇಳಿಸ್ತು!" ಹುಡುಗ ಏದುಸಿರು ಬಿಡುತ್ತಿದ್ದ. ಅಷ್ಟು ಹತ್ತಿದವನ ಸಂತೋಷ ಕೆಡಿಸುವುದೇಕೆ? "ಹೌದಪ್ಪ, ಜೋರಾಗೇ ತಟ್ಟಿದೆ" ಎಂದೆ. ಪಕ್ಕದಲ್ಲಿದ್ದ ಹೆಂಡತಿ ಕಡಲೆಕಾಯಿ ಪೊಟ್ಟಣವನ್ನೂ ನನ್ನನ್ನೂ ನೋಡಿ ಏನೂ ಅನ್ನಲಿಲ್ಲ. ದಾಂಪತ್ಯದಲ್ಲಿ ಇಂಥ ಮೌನಕ್ಕೆ ಬೆಲೆ ಜಾಸ್ತಿ.

ಕಮಾನಿನ ಬಳಿ ಕೂತರೆ ಯೋಚನೆಗಳಿಗೆ ಬರವಿಲ್ಲ. ಚೀನಾದ ತಾಯ್ ಬೆಟ್ಟದಲ್ಲಿ 6,000ಕ್ಕೂ ಹೆಚ್ಚು ಮೆಟ್ಟಿಲುಗಳಂತೆ. ಆ ದಾರಿಯ ಆರಂಭದಲ್ಲಿ ಮಿಂಗ್ ಅರಸರ ಕಾಲದ ಒಂದು ಕಲ್ಲಿನ ಕಮಾನಿದೆ. ಕನ್‌ಫ್ಯೂಷಿಯಸ್ ಬೆಟ್ಟ ಹತ್ತಿದ್ದು ಇಲ್ಲಿಂದ ಎಂದು ಅದರ ಮೇಲೆ ಕೆತ್ತಿದ್ದಾರೆ. ಎಂಥ ಉದಾರ ಜನ! ತುದಿ ಮುಟ್ಟಿದ ಜಾಗವನ್ನಷ್ಟೇ ಮೆರೆಸದೆ ಹೆಜ್ಜೆ ಎತ್ತಿಟ್ಟ ಜಾಗಕ್ಕೂ ಕಮಾನು ಕಟ್ಟಿದರು. ಈ ಲೆಕ್ಕದಲ್ಲಿ ಗೋಲ್ಕೊಂಡದ ಬುಡದಲ್ಲಿ ನಾನು ಕೂತ ಕಲ್ಲಿಗೂ ಒಂದು ಕಮಾನು ಬೇಕು, "ಕಾಚಿಗೂಡದ ಮಹನೀಯರು ಇಲ್ಲಿ ಉಸ್ಸೆಂದು ಕೂತರು" ಎಂದು.

ಹತ್ತುವವರನ್ನು ನೋಡಬೇಕೆಂದರೆ ಆಷಾಢದಲ್ಲಿ ಬನ್ನಿ. ನಗರದ ಬೋನಾಲು ಹಬ್ಬ ಮೊದಲಾಗುವುದೇ ಇಲ್ಲಿನ ಜಗದಂಬೆಯ ಗುಡಿಯಲ್ಲಿ. ಅಜ್ಜಿಯರೂ ಬೇವಿನ ಸೊಪ್ಪು ಕಟ್ಟಿದ ಬೋನದ ಗಡಿಗೆ ತಲೆಯ ಮೇಲಿಟ್ಟುಕೊಂಡು, ಮೇಲೊಂದು ದೀಪ ಹಚ್ಚಿಕೊಂಡು, ಸರಸರನೆ ಹತ್ತಿಬಿಡುತ್ತಾರೆ. ಅರ್ಧ ಲೀಟರಿನ ನೀರಿನ ಬಾಟಲಿ ಹೊರಲಾರದೆ ಹೆಂಡತಿಯ ಚೀಲಕ್ಕೆ ಸೇರಿಸಿದ ನಾನು ಆಗ ನವಿಲುಗಳ ಶಿಲ್ಪವನ್ನು ಇನ್ನೂ ಗಾಢವಾಗಿ ಅಧ್ಯಯನ ಮಾಡುತ್ತೇನೆ.

ಇಷ್ಟೆಲ್ಲ ಭದ್ರಮಾಡಿದ ಕೋಟೆ ಬಿದ್ದದ್ದು ಹೇಗೆ? 1687ರಲ್ಲಿ ಔರಂಗಜೇಬನ ಸೈನ್ಯ ಎಂಟು ತಿಂಗಳು ಮುತ್ತಿಗೆ ಹಾಕಿತು. ಮದ್ದು, ಸುರಂಗ, ತೋಪು ಯಾವುದೂ ನಡೆಯಲಿಲ್ಲ. ಕೊನೆಗೆ ಒಳಗಿನವನೇ ಲಂಚಕ್ಕೆ ಕೈಯೊಡ್ಡಿ ರಾತ್ರೋರಾತ್ರಿ ಒಂದು ಚಿಕ್ಕ ಬಾಗಿಲು ತೆರೆದ. ಮೊಗಲರು ಬಂದಾಗ ಕೊನೆಯ ಸುಲ್ತಾನ ತಾನಾ ಶಾ ಸಮಾಧಾನವಾಗಿ ತಿಂಡಿಗೆ ಕೂತನೆಂದು ಒಂದು ಕಥೆ. ರಾಜ್ಯ ಹೋಗುವಾಗಲೂ ತಿಂಡಿ ಬಿಡದ ಆ ಮನುಷ್ಯ ನನಗೆ ಬಹಳ ಹಿಡಿಸುತ್ತಾನೆ.

ಆನೆಗೂ ತೋಪಿಗೂ ಜಗ್ಗದ ಈ ಕಲ್ಲುಗಳಿಗೆ ಈಗಿನ ಶತ್ರು ನಮ್ಮವರ ಕೀಲಿಕೈ. ಮೇಲಿನವರೆಗೂ ಗೋಡೆಗಳ ಮೇಲೆ ಪ್ರೇಮಿಗಳ ಹೆಸರು, ಬಾಣ ಚುಚ್ಚಿದ ಹೃದಯ! ಕನ್‌ಫ್ಯೂಷಿಯಸ್ ಕೂಡ ತನ್ನ ಹೆಸರನ್ನು ತಾನೇ ಕೆತ್ತಿಕೊಳ್ಳಲಿಲ್ಲ, ಮಾರಾಯರೇ. ಬೇರೆಯವರು ಸುಮಾರು ಎರಡು ಸಾವಿರ ವರ್ಷ ಕಳೆದ ಮೇಲೆ ಕೆತ್ತಿಸಿದರು. ನೀವೂ ಅಷ್ಟು ಕಾಯಿರಿ. ಅಲ್ಲಿಯವರೆಗೆ, ಬಂದ ಸುದ್ದಿ ಮೇಲಕ್ಕೆ ಮುಟ್ಟಲೇಬೇಕೆಂದಿದ್ದರೆ ಗುಮ್ಮಟದಡಿ ನಿಂತು ಒಂದು ಚಪ್ಪಾಳೆ ತಟ್ಟಿ. ಗೋಡೆಗೆ ಗಾಯವಾಗುವುದಿಲ್ಲ.